ಉಸುಕು, ಮುಳ್ಳು, ಕಲ್ಲು: ರಾಯದುರ್ಗ–ಮಡಕಶಿರದ ನೆಲದಲ್ಲಿ ಜೀಪಿನ ಪರೀಕ್ಷೆ

ರಾಯದುರ್ಗ, ಮಡಕಶಿರಗಳನ್ನು ಕುರಿತು ಬರೆಯುವವರು ಕೋಟೆ, ಗುಡಿ, ಶಾಸನಗಳಿಂದ ಆರಂಭಿಸುವುದು ವಾಡಿಕೆ. ಅದು ಸಹಜವೇ. ರಾಯದುರ್ಗದ ಬೆಟ್ಟವೂ ಹೇಮಾವತಿಯ ನೊಳಂಬರ ಗುಡಿಗಳೂ ಯಾತ್ರಿಕನ ಕಣ್ಣನ್ನು ಮೊದಲು ಸೆಳೆಯುತ್ತವೆ. ಆದರೆ ಈ ಎರಡು ಸೀಮೆಗಳನ್ನು ಅರಿಯಲು ಇನ್ನೊಂದು ಮಾರ್ಗವುಂಟು. ಡಾಂಬರು ಮುಗಿದ ಮೇಲೆ ಕಾಲಕೆಳಗೆ ಏನಿದೆ ಎಂದು ನೋಡುವುದೇ ಆ ಮಾರ್ಗ. ಕಳೆದ ಮಾಘ ಮಾಸದಲ್ಲಿ ನಾವು ಹಾಗೆ ನೋಡಿದೆವು. ಬಳ್ಳಾರಿಯಲ್ಲಿ ಗ್ಯಾರೇಜು ನಡೆಸುವ ನಮ್ಮ ಬಂಧುವೊಬ್ಬರು ನಾಲ್ಕು ಗಾಲಿಗಳಿಗೂ ಎಂಜಿನಿನ ಬಲ ಹರಿಯುವ ಜೀಪುಗಳಿಗೆ ಹೊರಗಿನಿಂದ ಜೋಡಿಸುವ ಕೆಲವು ಸಾಧನಗಳನ್ನು ತಾವೇ ರೂಪಿಸಿದ್ದರು. ಅವುಗಳನ್ನು ಪರೀಕ್ಷಿಸಲು ತಕ್ಕ ನೆಲ ಬೇಕಾಗಿತ್ತು. ಆ ನೆಲ ನಮ್ಮ ಮನೆಯ ಹಿತ್ತಲಲ್ಲೇ ಇದೆಯೆಂಬುದು ಪ್ರಯಾಣ ಮುಗಿಯುವ ಹೊತ್ತಿಗೆ ನಮಗೆ ಮನದಟ್ಟಾಯಿತು.

ಎರಡು ಸೀಮೆಗಳ ಚರಿತ್ರೆಯನ್ನು ಒಂದು ಮಾತಿನಲ್ಲಿ ಸ್ಮರಿಸಬಹುದು. 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಅನಂತಪುರ ಜಿಲ್ಲೆ ಬೇರ್ಪಟ್ಟಾಗ ಮಡಕಶಿರ ಅತ್ತ ಹೋಯಿತು. ರಾಯದುರ್ಗ ಬಳ್ಳಾರಿಯಲ್ಲೇ ಉಳಿದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರುಗಳೊಡನೆ ಗಡಿ ದಾಟಿತು. 2022ರ ಏಪ್ರಿಲಿನಲ್ಲಿ ಮಡಕಶಿರವು ಪುಟ್ಟಪರ್ತಿಯನ್ನು ಕೇಂದ್ರವಾಗುಳ್ಳ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು; ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಗೆರೆಗಳು ಹೀಗೆ ಬದಲಾದರೂ ನೆಲ ಬದಲಾಗಲಿಲ್ಲ. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನಷ್ಟು ಮಾತ್ರ ಮಳೆ ಕಾಣುವ ಈ ಸೀಮೆಯಲ್ಲಿ ಉಸುಕು, ಮುಳ್ಳು, ಕಲ್ಲು ಈ ಮೂರೂ ಹೇರಳ. ವಾಹನವನ್ನು ಪರೀಕ್ಷಿಸಲು ಬೇಕಾದವೂ ಮುಖ್ಯವಾಗಿ ಇವೇ.

ಜೀಪು ಹಳ್ಳಿಗಳಿಗೆ ಹೊಸದೇನಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ರೂಪುಗೊಂಡ ಈ ವಾಹನವನ್ನು 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಜೋಡಿಸತೊಡಗಿತು. 1985ರಲ್ಲಿ ಮಾರುತಿ ಜಿಪ್ಸಿ ಬಂದಿತು. 2010ರಲ್ಲಿ ಮಹೀಂದ್ರ ಥಾರ್ ಬಂದಿತು. 2020ರಲ್ಲಿ ಅದರ ಹೊಸ ರೂಪವೂ ಬಂದಿತು. ಇವುಗಳ ಜೊತೆಗೆ ಬಿಡಿಸಾಧನಗಳ ಒಂದು ವ್ಯಾಪಾರವೇ ಬೆಳೆಯಿತು. ಉಬ್ಬುಹಲ್ಲಿನ ಟೈರು, ಎತ್ತರಿಸಿದ ಸ್ಪ್ರಿಂಗು, ಎಂಜಿನಿನ ಕೆಳಗಿನ ಕವಚ, ಎಳೆಯುವ ವಿಂಚು, ಮೂಗಿನಂತೆ ಮೇಲೆದ್ದ ಗಾಳಿಕೊಳವೆ, ಛಾವಣಿಯ ಮೇಲೆ ಸಾಲುದೀಪ ಮುಂತಾದವನ್ನು ಪೇಟೆಯಲ್ಲಿ ಕಾಣದವರಿಲ್ಲ. ಇವುಗಳಲ್ಲಿ ಯಾವುದು ಅಲಂಕಾರ, ಯಾವುದು ಆವಶ್ಯಕತೆ? ಈ ಪ್ರಶ್ನೆಗೆ ಅಂಗಡಿಯವನ ಮಾತಿಗಿಂತ ನೆಲದ ಮಾತು ಹೆಚ್ಚು ನಂಬಿಕೆಗೆ ಅರ್ಹವಾದುದು.

ಹಗರಿಯ ಉಸುಕು

ಬಾಬಾಬುಡನ್ ಗಿರಿಯಲ್ಲಿ ಹುಟ್ಟಿದ ವೇದಾ, ಅವತಿಗಳು ಕೂಡಿ ವೇದಾವತಿಯಾಗುತ್ತವೆ. 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣೀವಿಲಾಸ ಸಾಗರದಲ್ಲಿ ತಂಗಿ, ಮುಂದೆ ಹಗರಿಯೆಂಬ ಹೆಸರಿನಿಂದ ಅದು ಆಂಧ್ರವನ್ನು ಹೊಗುತ್ತದೆ. ಭೈರವಾನಿತಿಪ್ಪದಲ್ಲಿ ಇನ್ನೊಂದು ಅಣೆಕಟ್ಟು ಅದನ್ನು ತಡೆಯುತ್ತದೆ. ಹೀಗಾಗಿ ಕೆಳಗಿನ ಪಾತ್ರದಲ್ಲಿ ವರ್ಷದ ಬಹುಭಾಗ ನೀರಿಗಿಂತ ಉಸುಕೇ ಹೆಚ್ಚು. ಆಷಾಢದ ಗಾಳಿ ಬೀಸಿತೆಂದರೆ ಆ ಉಸುಕು ಪಾತ್ರವನ್ನು ಬಿಟ್ಟೆದ್ದು ಹೊಲಗಳ ಮೇಲೆ ಹರಡುತ್ತದೆ. ರಾಯದುರ್ಗದಿಂದ ಈಶಾನ್ಯಕ್ಕಿರುವ ಕಣೇಕಲ್ಲು, ಬೊಮ್ಮನಹಾಳು ಭಾಗಗಳಲ್ಲಿ ಹೀಗೆ ದಿಬ್ಬದಿಬ್ಬವಾಗಿ ನಿಂತ ಉಸುಕನ್ನು ಕಂಡವರು, ತಾವು ನಿಂತಿರುವುದು ರಾಜಸ್ಥಾನದಲ್ಲೋ ಎಂದು ಬೆರಗಾಗುವುದುಂಟು. ನೋಡುವವರಿಗೆ ಅದು ಬೆರಗು, ಹೊಲದವರಿಗೆ ಸಂಕಟ. ಹಿಂದಿನ ತಲೆಮಾರು ಬಿತ್ತಿದ ಭೂಮಿಯ ಮೇಲೆ ಇಂದು ದಿಬ್ಬ ಕುಳಿತಿದೆ.

ಇಲ್ಲಿ ನಮ್ಮ ಜೀಪಿಗೆ ಮೊದಲ ಪರೀಕ್ಷೆಯಾಯಿತು. ಹೊಲದ ಬದುವಿನಲ್ಲಿ ನಿಂತಿದ್ದ ಹಿರಿಯರೊಬ್ಬರು ಗಾಲಿಗಳತ್ತ ನೋಡಿ, “ತಮ್ಮಾ, ಉಸುಕಿನ್ಯಾಗ ಜೋರು ಮಾಡಬ್ಯಾಡ. ಜೋರು ಮಾಡಿದಷ್ಟೂ ಬಂಡಿ ತನ್ನ ಕುಣಿ ತಾನೇ ತೋಡ್ತೈತಿ” ಎಂದರು. ಎತ್ತಿನ ಗಾಡಿಯಿಂದ ಕಲಿತ ಮಾತದು. ಕಬ್ಬಿಣದ ಹಳಿ ಕಟ್ಟಿದ ಗಾಲಿ ಕಿರಿದಾದ್ದರಿಂದ ಉಸುಕನ್ನು ಸೀಳಿಕೊಂಡು ಇಳಿಯುತ್ತದೆ. ಡನ್ಲಪ್ ಗಾಡಿಯ ಅಗಲವಾದ ರಬ್ಬರು ಗಾಲಿ ತೇಲುತ್ತದೆ. ಹಳಿಯ ಗಾಲಿಯನ್ನು ಬಿಟ್ಟು ಗಾಳಿಯ ಗಾಲಿಯನ್ನು ಹಾಕಿಸಿದ ರೈತನೇ ಈ ಸೀಮೆಯಲ್ಲಿ ಬಿಡಿಸಾಧನದ ಮೊದಲ ಪರೀಕ್ಷಕನೆನ್ನಬೇಕು.

ಇದರ ಲೆಕ್ಕ ಸರಳವಾದುದು. ಜೀಪಿನ ತೂಕ 1,800 ಕಿಲೋ ಎಂದಿಟ್ಟುಕೊಂಡರೆ ಒಂದೊಂದು ಗಾಲಿಯ ಮೇಲೆ 450 ಕಿಲೋ ಭಾರ ಬೀಳುತ್ತದೆ. ಟೈರಿನ ಗಾಳಿ ಚದರ ಅಂಗುಲಕ್ಕೆ 32 ಪೌಂಡು ಇದ್ದಾಗ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೋ ಇದ್ದಾಗ, ನೆಲಕ್ಕೆ ತಾಗುವ ಭಾಗ ಹೆಚ್ಚುಕಡಿಮೆ 200 ಚದರ ಸೆಂಟಿಮೀಟರು. ಬೆರಳು ಚಾಚಿದ ಒಂದು ಕೈಯಗಲಕ್ಕಿಂತ ತುಸು ಹೆಚ್ಚು. ಗಾಳಿಯನ್ನು 16 ಪೌಂಡಿಗೆ ಇಳಿಸಿದರೆ ಅದೇ ಭಾಗ 400 ಚದರ ಸೆಂಟಿಮೀಟರಿನಷ್ಟಾಗುತ್ತದೆ. ಭಾರ ಅಷ್ಟೇ ಇದ್ದರೂ ಪಾದ ಇಮ್ಮಡಿಯಾದಂತಾಯಿತು. 32 ಪೌಂಡಿನಲ್ಲಿ ಅಚ್ಚಿನವರೆಗೆ ಹೂತ ನಮ್ಮ ಜೀಪು, 16ಕ್ಕೆ ಇಳಿಸಿ ಗಾಲಿಯ ಮುಂದಿನ ಉಸುಕನ್ನು ಸಲಿಕೆಯಿಂದ ತೆಗೆದ ಮೇಲೆ, ಎರಡನೆಯ ಗೇರಿನಲ್ಲಿ ಸದ್ದಿಲ್ಲದೆ ಮೇಲೆದ್ದು ಬಂದಿತು. ಈ ಉಪಾಯಕ್ಕೆ ಕಾಸಿನ ಖರ್ಚಿಲ್ಲ. ಆದರೆ ಡಾಂಬರಿಗೆ ಮರಳಿದೊಡನೆ ಗಾಳಿಯನ್ನು ಮತ್ತೆ ತುಂಬಲೇಬೇಕು. ಗಾಳಿ ಕಡಿಮೆಯಿರುವ ಟೈರು ವೇಗದಲ್ಲಿ ಕಾದು ಒಡೆಯುವ ಅಪಾಯವಿದೆ. ಆದುದರಿಂದ ಉಸುಕಿಗೆ ಹೋಗುವವನು ಮೊದಲು ಕೊಳ್ಳತಕ್ಕದ್ದು ಹೊಳೆಯುವ ದೀಪವನ್ನಲ್ಲ. ಬ್ಯಾಟರಿಯಿಂದ ನಡೆಯುವ ಪುಟ್ಟ ಗಾಳಿಪಂಪನ್ನೂ ಒತ್ತಡ ಅಳೆಯುವ ಮಾಪಕವನ್ನೂ.

ಎರಡನೆಯ ಸಾಧನ ಉಸುಕಿನ ಹಲಗೆ. ಹೂತ ಗಾಲಿಯ ಕೆಳಗೆ ತುರುಕಿದರೆ ಗಾಲಿಗೆ ಹಿಡಿತ ಸಿಗಬೇಕೆಂಬುದು ಅದರ ಉದ್ದೇಶ. ಇದಕ್ಕೊಂದು ಸ್ವಾರಸ್ಯವಾದ ಪೂರ್ವಕಥೆಯಿದೆ. ರಾಲ್ಫ್ ಬ್ಯಾಗ್ನೋಲ್ಡ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ 1920ರ ದಶಕದ ಕೊನೆಯಿಂದ ಸಾಧಾರಣ ಫೋರ್ಡ್ ಕಾರುಗಳಲ್ಲಿ ಲಿಬಿಯಾದ ಮರುಭೂಮಿಯನ್ನು ಸುತ್ತಿದನು. ಟೈರಿನ ಗಾಳಿಯನ್ನು ತಗ್ಗಿಸುವುದನ್ನೂ, ಕೈರೋ ನಗರದ ಗುಜರಿಯಲ್ಲಿ ಸಿಕ್ಕ ಉಕ್ಕಿನ ದೋಣಿಪಟ್ಟಿಗಳನ್ನು ಗಾಲಿಯಡಿಗೆ ಹಾಕುವುದನ್ನೂ ಆತನ ತಂಡ ರೂಢಿಗೆ ತಂದಿತು. ಕುದಿಯುವ ರೇಡಿಯೇಟರಿನ ಆವಿಯನ್ನು ನೀರಿನ ಡಬ್ಬಿಯೊಂದಕ್ಕೆ ಹರಿಸಿ, ತಣಿದ ನೀರು ಮರಳಿ ಬರುವಂತೆ ಮಾಡಿದ್ದೂ ಅವರೇ. ಅದೇ ಬ್ಯಾಗ್ನೋಲ್ಡ್ 1941ರಲ್ಲಿ, ಗಾಳಿಗೆ ಹಾರುವ ಮರಳು ಮತ್ತು ಮರಳುದಿಬ್ಬಗಳ ಭೌತವಿಜ್ಞಾನವನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದನು. ಮರಳನ್ನು ದಾಟಲು ಹೊರಟವನು ಮರಳನ್ನೇ ಓದತೊಡಗಿದನು. ದಿಬ್ಬದ ಗಾಳಿಮುಖ ಇಳಿಜಾರಾಗಿ ಗಟ್ಟಿಯಾಗಿರುತ್ತದೆ; ಮರೆಯ ಮುಖ ಕಡಿದಾಗಿ ಸಡಿಲವಾಗಿರುತ್ತದೆ. ಹಗರಿಯ ದಡದಲ್ಲಿಯೂ ಇದನ್ನು ಕಾಲಿನಿಂದ ನಡೆದೇ ತಿಳಿಯಬಹುದು. ಎಲ್ಲಿ ಹತ್ತಬೇಕು, ಎಲ್ಲಿ ಹತ್ತಬಾರದು ಎಂಬುದನ್ನು ಹೇಳುವ ಯಾವ ಸಾಧನವೂ ಪೇಟೆಯಲ್ಲಿ ಮಾರಾಟಕ್ಕಿಲ್ಲ.

ನಮ್ಮ ಬಂಧುಗಳು ಮಾಡಿದ ಹಲಗೆಗಳು ತೆಳುವಾದ ತಗಡಿನವು. ಮೊದಲ ಸಲವೇ ಅವು ಬಾಗಿ, ಒಂದು ಹಿಂದಕ್ಕೆ ಸಿಡಿಯಿತು. ಹಿಂದೆ ಯಾರನ್ನೂ ನಿಲ್ಲಿಸಿರಲಿಲ್ಲವಾದ್ದರಿಂದ ಅನಾಹುತವಾಗಲಿಲ್ಲ. ಬಾಗಿದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, “ಇಲ್ಲಿ ಏಣು ಬೇಕು, ತುದಿಗೆ ಹಗ್ಗ ಬೇಕು” ಎಂದು ಅವರು ಪುಸ್ತಕದಲ್ಲಿ ಬರೆದುಕೊಂಡರು. ಏಣು ಇದ್ದರೆ ಹಲಗೆ ಬಾಗದು. ಹಗ್ಗವಿದ್ದರೆ ಉಸುಕಿನಲ್ಲಿ ಹೂತ ಹಲಗೆಯನ್ನು ಹುಡುಕಿ ಎಳೆಯಬಹುದು.

ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಹಾಯುವ ಕಡೆ ಇದೇ ಸೀಮೆಯಲ್ಲಿ ಎರೆಭೂಮಿಯೂ ಇದೆ. ಒದ್ದೆಯಾದ ಎರೆ ಟೈರಿನ ಹಲ್ಲುಗಳ ನಡುವೆ ತುಂಬಿ ಗಾಲಿಯನ್ನು ನುಣುಪು ಉಂಡೆಯಾಗಿಸುತ್ತದೆ. ಇಲ್ಲಿ ವಿಂಚಿಗೆ ಕೆಲಸ ಬಿದ್ದಿತು. ವಾಹನದ ತುಂಬಿದ ತೂಕದ ಒಂದೂವರೆ ಪಟ್ಟು ಎಳೆಯಬಲ್ಲ ವಿಂಚು ಇರಬೇಕೆಂಬುದು ಸಾಮಾನ್ಯ ನಿಯಮ. 2,400 ಕಿಲೋಗೆ 3,600. ಕಪ್ಪಿಯೊಂದನ್ನು ನಡುವೆ ಹಾಕಿದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿಯಾಗಿ, ವೇಗ ಅರ್ಧವಾಗುತ್ತದೆ. ಆದರೆ ಹಗ್ಗವನ್ನು ಕಟ್ಟುವುದೆಲ್ಲಿ? ನಾವು ನಿಂತ ಕಡೆ ಕಣ್ಣು ಹಾಯುವವರೆಗೆ ಮರವಿರಲಿಲ್ಲ. ಕೊನೆಗೆ ಹೆಚ್ಚುವರಿ ಗಾಲಿಯನ್ನೇ ಆಳವಾಗಿ ಹೂಳಿ, ಅದಕ್ಕೆ ಹಗ್ಗ ಬಿಗಿದು ಎಳೆಯಬೇಕಾಯಿತು. ಮರವಿಲ್ಲದ ನಾಡಿನಲ್ಲಿ ವಿಂಚಿಗಿಂತ ಸಲಿಕೆಯೇ ಹಿರಿಯ ಸಾಧನ. ಬಿಗಿದ ಉಕ್ಕಿನ ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹೊದಿಸುವುದನ್ನು ಯಾರೂ ಮರೆಯಬಾರದು. ಹಗ್ಗ ತುಂಡಾದರೆ ಚಾಟಿಯಂತೆ ಬೀಸುತ್ತದೆ. ಗೋಣಿಯ ಭಾರ ಅದನ್ನು ನೆಲಕ್ಕೆ ಕೆಡವುತ್ತದೆ.

ಬಳ್ಳಾರಿ ಜಾಲಿ

ರಾಯದುರ್ಗದಿಂದ ಕಲ್ಯಾಣದುರ್ಗದ ಮೇಲೆ ಹೊರಟರೆ ಪಾವಗಡದಲ್ಲಿ ಕರ್ನಾಟಕವನ್ನು ಹೊಕ್ಕು, ಮತ್ತೆ ಆಂಧ್ರಕ್ಕೆ ದಾಟಿ ಮಡಕಶಿರವನ್ನು ಸೇರಬೇಕು. ರಾಜ್ಯ ಎರಡು ಸಲ ಬದಲಾದರೂ ರಸ್ತೆಯಂಚಿನ ಪೊದೆ ಬದಲಾಗುವುದಿಲ್ಲ. ಅದು ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದು, ಹಸಿರಿಗೂ ಸೌದೆಗೂ ಆದೀತೆಂದು ನೆಡಲ್ಪಟ್ಟು, ಈಗ ಕೆರೆಯಂಗಳಗಳನ್ನೂ ಬಂಡಿದಾರಿಗಳನ್ನೂ ಮುಚ್ಚಿರುವ ಗಿಡವಿದು. ಅದರ ಮುಳ್ಳು ಟೈರಿಗೆ ಮೃತ್ಯು. ಟ್ಯೂಬಿಲ್ಲದ ಟೈರಿನ ನೆಲಮುಖಕ್ಕೆ ಮುಳ್ಳು ಹೊಕ್ಕರೆ ರಬ್ಬರಿನ ಬಿರಡೆ ತುರುಕಿ ಹತ್ತು ನಿಮಿಷದಲ್ಲಿ ಹೊರಡಬಹುದು. ಪಕ್ಕದ ಗೋಡೆಗೆ ಹೊಕ್ಕರೆ ಗಾಲಿಯನ್ನೇ ಬದಲಿಸಬೇಕು. ಉಸುಕಿಗಾಗಿ ಗಾಳಿ ಇಳಿಸಿದಾಗ ಟೈರಿನ ಪಕ್ಕ ಉಬ್ಬಿ ಹೊರಚಾಚುತ್ತದೆಂಬುದನ್ನು ಇಲ್ಲಿ ನೆನೆಯಬೇಕು. ಉಸುಕಿನಲ್ಲಿ ವರವಾದದ್ದು ಮುಳ್ಳಿನಲ್ಲಿ ಶಾಪ. ಒಂದು ನೆಲದಲ್ಲಿ ಗೆದ್ದ ಸಾಧನವನ್ನು ಎಲ್ಲ ನೆಲಕ್ಕೂ ಹೊಗಳಿ ಮಾರುವವರ ಮಾತನ್ನು ಈ ಒಂದು ಪೊದೆಯೇ ಸುಳ್ಳಾಗಿಸುತ್ತದೆ.

ಧೂಳಿನ ವಿಷಯವೂ ಹಾಗೆಯೇ. ಎತ್ತರದ ಗಾಳಿಕೊಳವೆಯನ್ನು ಜನ ಹೊಳೆ ದಾಟುವ ಶೌರ್ಯದ ಚಿಹ್ನೆಯೆಂದು ಭಾವಿಸುತ್ತಾರೆ. ಹೊಳೆಗಳೇ ಒಣಗಿದ ಈ ಸೀಮೆಯಲ್ಲಿ ಅದರ ಉಪಯೋಗ ಬೇರೆ. ಮುಂದಿನ ವಾಹನ ಎಬ್ಬಿಸಿದ ಧೂಳು ಬಾನೆಟ್ಟಿನ ಮಟ್ಟದಲ್ಲಿ ದಟ್ಟವಾಗಿದ್ದು, ಮೇಲೆ ವಿರಳವಾಗಿರುತ್ತದೆ. ಆದುದರಿಂದ ಎಂಜಿನು ಮೇಲಿನಿಂದ ಉಸಿರಾಡುವುದು ಒಳ್ಳೆಯದು. ಹಳೆಯ ಜೀಪುಗಳಲ್ಲಿ ಗಾಳಿಯನ್ನು ಎಣ್ಣೆಯ ಬಟ್ಟಲಿನ ಮೇಲೆ ಹಾಯಿಸಿ ಧೂಳು ಹಿಡಿಯುವ ವ್ಯವಸ್ಥೆ ಇದ್ದಿತು. ಯಾವುದಿದ್ದರೂ ದಿನದ ಕೊನೆಗೆ ಬಿಚ್ಚಿ ಶುಚಿಮಾಡುವ ಕೈ ಬೇಕು.

ಮಡಕಶಿರದ ಕಲ್ಲು

ರಾಯದುರ್ಗದ ಕಡೆ ‘ಉಸುಕು’ ಎಂದದ್ದು ಮಡಕಶಿರಕ್ಕೆ ಬಂದರೆ ‘ಮರಳು’ ಆಗುತ್ತದೆ. ತೆಲುಗಿನ ನೆರೆಯವರು ‘ಇಸುಕ’ ಎನ್ನುತ್ತಾರೆ. ಗಾಡಿಗೆ ಮಾತ್ರ ಎರಡು ನುಡಿಯಲ್ಲೂ ‘ಬಂಡಿ’ ಎಂಬ ಒಂದೇ ಮಾತು ಸಾಕು. ಅಮರಾಪುರ, ಅಗಳಿ, ರೊಳ್ಳಗಳ ಸುತ್ತ ಅಡಿಕೆ, ತೆಂಗು, ಹಿಪ್ಪುನೇರಳೆಯ ಹಸಿರು. ಅದನ್ನು ಬಿಟ್ಟು ಹೊರಟರೆ ಕೆಂಪು ನೆಲ, ಅದರ ಮೇಲೆ ಯಾರೋ ಪೇರಿಸಿಟ್ಟಂತಹ ಬಂಡೆಗಳ ಗುಡ್ಡ. ಹೇಮಾವತಿ ಎಂದರೆ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಇಲ್ಲಿಯ ಕರಿಗಲ್ಲಿನ ಕಂಬಗಳ ನಯವನ್ನು ಕಂಡವರು ಮರೆಯಲಾರರು. ನೊಳಂಬ ಶೈಲಿಯ ಕಂಬಗಳು ಕಾವೇರಿ ತೀರದ ತಿರುವೈಯಾರಿನ ಗುಡಿಯಲ್ಲಿಯೂ ಇವೆ. ಚೋಳರು ಅವನ್ನು ಈ ಸೀಮೆಯಿಂದ ಒಯ್ದರೆಂದು ವಿದ್ವಾಂಸರ ಅಭಿಪ್ರಾಯ. ಡಾಂಬರಿಲ್ಲದ ಕಾಲದಲ್ಲಿ ಅಷ್ಟು ಭಾರವನ್ನು ಅಷ್ಟು ದೂರ ಸಾಗಿಸಿದ ಬಂಡಿಗಳೆಂಥವೋ, ಅವುಗಳ ಅಚ್ಚು ಎಂಥದೋ ಎಂದು ನಮ್ಮ ಬಂಧುಗಳು ಗುಡಿಯ ಅಂಗಳದಲ್ಲಿ ಬಹಳ ಹೊತ್ತು ಯೋಚಿಸುತ್ತ ಕುಳಿತಿದ್ದರು.

ಗುಡ್ಡದ ಕಲ್ಲುದಾರಿಯಲ್ಲಿ ಪರೀಕ್ಷೆಗೆ ನಿಂತದ್ದು ನಮ್ಮ ಮೆಕ್ಯಾನಿಕರು ‘ಚೇಂಬರ್ ಗಾರ್ಡ್’ ಎನ್ನುವ ಅಡಿಕವಚ. ಎಂಜಿನಿನ ತಳದಲ್ಲಿ ಎಣ್ಣೆ ತುಂಬಿದ ಚೇಂಬರು ಒಡೆದರೆ ಅಲ್ಲಿಗೆ ಪ್ರಯಾಣ ಮುಗಿಯಿತು. 80 ಸೆಂಟಿಮೀಟರು ಉದ್ದ, 60 ಸೆಂಟಿಮೀಟರು ಅಗಲ, 4 ಮಿಲಿಮೀಟರು ದಪ್ಪದ ಉಕ್ಕಿನ ತಗಡು ಸುಮಾರು 15 ಕಿಲೋ ತೂಗುತ್ತದೆ. 6 ಮಿಲಿಮೀಟರು ದಪ್ಪದ ಅಲ್ಯೂಮಿನಿಯಂ ಆದರೆ 8 ಕಿಲೋದೊಳಗೆ. ಉಕ್ಕು ಕಲ್ಲಿನ ಮೇಲೆ ಜಾರುತ್ತದೆ, ಬಾಗಿದರೆ ಹಳ್ಳಿಯ ಕುಲುಮೆಯಲ್ಲೂ ಬಡಿದು ನೇರ ಮಾಡಬಹುದು. ಅಲ್ಯೂಮಿನಿಯಂ ಹಗುರ, ಆದರೆ ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಕವಚವನ್ನು ಗೇರುಪೆಟ್ಟಿಗೆಗೆ ಬಿಗಿಯದೆ ಚಾಸಿಗೇ ಬಿಗಿಯಬೇಕು. ಇಲ್ಲವಾದರೆ ಕಲ್ಲಿನ ಪೆಟ್ಟು ನೇರವಾಗಿ ಪೆಟ್ಟಿಗೆಗೇ ತಗಲುತ್ತದೆ. ಎಣ್ಣೆ ಬಿಡಲು ತೂತು, ಬಿಸಿ ಹೊರಹೋಗಲು ಸಂದು ಇರಬೇಕು. ನಮ್ಮ ಕವಚ ಪೆಟ್ಟನ್ನು ತಡೆಯಿತು. ಆದರೆ ಹೊರಗೆ ಚಾಚಿದ ಎರಡು ಬೋಲ್ಟುಗಳ ತಲೆ ಕಲ್ಲಿಗೆ ಸವೆದು, ಬಿಚ್ಚಲು ಬಾರದಾಯಿತು. ತಲೆ ಒಳಗೆ ಹುದುಗುವ ಬೋಲ್ಟು ಬೇಕೆಂದು ಪುಸ್ತಕದಲ್ಲಿ ಇನ್ನೊಂದು ಸಾಲು ಸೇರಿತು. ನೋಡುತ್ತ ನಿಂತಿದ್ದ ಕುರಿಗಾಹಿಯೊಬ್ಬರು, “ಏನಣ್ಣಾ, ಇಷ್ಟೊಂದು ಕಬ್ಣ ಕಟ್ಕಂಡ್ರೆ ಬಂಡಿ ಹತ್ತೋದಾದ್ರೂ ಹೆಂಗೆ?” ಎಂದು ಕೇಳಿದರು. ಆ ಪ್ರಶ್ನೆಯನ್ನು ಸಾಧನ ಮಾಡುವ ಪ್ರತಿಯೊಬ್ಬನೂ ತನ್ನ ಗ್ಯಾರೇಜಿನ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬಹುದು. ಕಟ್ಟಿದ ಪ್ರತಿ ಕಿಲೋವನ್ನೂ ಸ್ಪ್ರಿಂಗು ಹೊರಬೇಕು, ಬ್ರೇಕು ನಿಲ್ಲಿಸಬೇಕು.

ವಾಹನವನ್ನು ಎತ್ತರಿಸುವ ಹವ್ಯಾಸಕ್ಕೂ ಇದೇ ಎಚ್ಚರ ಬೇಕು. ಎತ್ತರ ಹೆಚ್ಚಿದರೆ ಕಲ್ಲು ತಾಗದು, ನಿಜ. ಆದರೆ ಭಾರದ ಕೇಂದ್ರವೂ ಮೇಲೇರುತ್ತದೆ, ಪಕ್ಕಕ್ಕೆ ವಾಲಿದ ದಾರಿಯಲ್ಲಿ ಮಗುಚುವ ಭಯ ಹೆಚ್ಚುತ್ತದೆ. ಬ್ರೇಕಿನ ರಬ್ಬರು ನಳಿಗೆ ಬಿಗಿದು ನಿಲ್ಲುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟು ಅದರ ಕ್ರಾಸು ಬೇಗ ಸವೆಯುತ್ತದೆ. ಕಲ್ಲುಗುಡ್ಡದಲ್ಲಿ ಗೆದ್ದು ಹೆದ್ದಾರಿಯ ತಿರುವಿನಲ್ಲಿ ಪ್ರಾಣ ಕಳೆದುಕೊಳ್ಳುವುದು ಜಾಣತನವಲ್ಲ.

ಪರೀಕ್ಷೆಯ ಕ್ರಮವನ್ನೂ ಹೇಳಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು; ಅದೇ ಏರು, ಅದೇ ಭಾರ, ಅದೇ ಚಾಲಕ; ಸಾಧನವಿಲ್ಲದೆ ಒಮ್ಮೆ, ಇದ್ದು ಒಮ್ಮೆ; ಫಲಿತಾಂಶವನ್ನು ಅಲ್ಲೇ ಬರೆಯುವುದು. 50 ಕಿಲೋಮೀಟರಿಗೊಮ್ಮೆ, ಮತ್ತೆ 500ಕ್ಕೊಮ್ಮೆ ಎಲ್ಲ ಬೋಲ್ಟುಗಳ ಬಿಗಿ ನೋಡುವುದು. ಮಳೆಗಾಲ ಕಳೆದ ಮೇಲೆ ತುಕ್ಕು ನೋಡುವುದು. ಹೊಸ ಬೀಜವನ್ನು ಹೊಲದ ಮೂಲೆಯಲ್ಲಿ ನಾಲ್ಕು ಸಾಲು ಬಿತ್ತಿ, ಒಂದು ಬೆಳೆ ಕಂಡ ಮೇಲೆ ಹೊಲಕ್ಕೆಲ್ಲ ಬಿತ್ತುವ ನಮ್ಮ ಹಿರಿಯರ ಪದ್ಧತಿಯೂ ಇದೇ.

ಕಾನೂನಿನ ಮಾತು

ಗಡಿಯ ಕುಟುಂಬಗಳು ತಿಳಿದಿರಬೇಕಾದ ಕೆಲವು ವಿಷಯಗಳಿವೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ದೃಢಪಡಿಸಿತು. 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು, ವಾಹನದ ಮುಂದೆ ಅನಧಿಕೃತವಾಗಿ ಕಟ್ಟುವ ಉಕ್ಕಿನ ಅಡ್ಡಗಂಬಿಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ತಿಳಿಸಿತು. ಅಂಥ ಗಂಬಿ ಪಾದಚಾರಿಗೆ ಮಾರಕ. ಡಿಕ್ಕಿಯ ಪೆಟ್ಟನ್ನು ಹೀರಬೇಕಾದ ಮುಂಭಾಗದ ಕೆಲಸವನ್ನೂ ಗಾಳಿಚೀಲದ ಕೆಲಸವನ್ನೂ ಅದು ಕೆಡಿಸಬಲ್ಲದು. ಹಲಗೆ, ಸಲಿಕೆ, ಗಾಳಿಪಂಪುಗಳು ವಾಹನದೊಳಗೆ ಇರುವ ಸಾಮಾನುಗಳು. ಇವಕ್ಕೆ ಇಂಥ ತೊಡಕಿಲ್ಲ. ಇನ್ನು ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಮತ್ತೊಂದು ರಾಜ್ಯದಲ್ಲಿ 12 ತಿಂಗಳಿಗೆ ಮೀರಿ ಇಟ್ಟುಕೊಂಡರೆ ಅಲ್ಲಿಯ ನೋಂದಣಿ ಪಡೆಯಬೇಕೆಂಬ 47ನೆಯ ಕಲಮನ್ನೂ, ಮನೆ ಇತ್ತ, ಹೊಲ ಅತ್ತ ಇರುವವರು ಮರೆಯಬಾರದು.

ಕಾನೂನಿನಷ್ಟೇ ಮುಖ್ಯವಾದುದು ಮರ್ಯಾದೆ. ಹಗರಿಯ ದಿಬ್ಬಗಳ ಮೇಲೆ ಹುಲ್ಲು, ಗಿಡ ಹಿಡಿಸಿ ಉಸುಕನ್ನು ನಿಲ್ಲಿಸುವುದೊಂದೇ ಅಲ್ಲಿಯ ರೈತನ ಆಸೆ. ಆ ಬೇರುಗಳ ಮೇಲೆ ಗಾಲಿ ಹಾಯಿಸಿ ಮೋಜು ಮಾಡುವವರು ಪಕ್ಕದ ಹೊಲಕ್ಕೆ ಇನ್ನೊಂದು ಬೊಗಸೆ ಉಸುಕನ್ನು ಸೇರಿಸಿದಂತೆಯೇ ಸರಿ. ಬಂಡಿದಾರಿ ಇರುವಲ್ಲಿ ಬಂಡಿದಾರಿಯಲ್ಲೇ ಹೋಗಬೇಕು. ಹಳೆಯ ಗುಡಿಕೋಟೆಗಳ ಬಳಿ ವಾಹನವನ್ನು ದೂರವೇ ನಿಲ್ಲಿಸಿ ನಡೆಯಬೇಕು.

ಮಡಕಶಿರದಿಂದ ಪೆನುಕೊಂಡೆಯತ್ತ ಹೋದರೆ ಎರ್ರಮಂಚಿಯಲ್ಲಿ 2019ರಿಂದ ಕಾರುಗಳನ್ನು ತಯಾರಿಸುತ್ತಿರುವ ಕಿಯಾ ಕಾರ್ಖಾನೆ ಕಾಣುತ್ತದೆ. ದೊಡ್ಡ ಕಾರ್ಖಾನೆಗಳು ದೊಡ್ಡ ರಸ್ತೆಗಳಿಗಾಗಿ ವಾಹನಗಳನ್ನು ಮಾಡುತ್ತವೆ, ಅದು ತಪ್ಪಲ್ಲ. ಆದರೆ ಗುಡ್ಡದ ಮರೆಯ ಹಟ್ಟಿಯಿಂದ ಗರ್ಭಿಣಿಯೊಬ್ಬಳನ್ನು ಮಳೆಯ ರಾತ್ರಿ ಆಸ್ಪತ್ರೆಗೆ ತರಬೇಕಾದ ಜೀಪಿಗೆ ಏನು ಬೇಕೆಂಬುದನ್ನು ಆ ದಾರಿಯನ್ನು ಬಲ್ಲ ಸ್ಥಳೀಯ ಕೈಗಳೇ ಹೇಳಬೇಕು. ನಮ್ಮ ಹುಡುಗರಲ್ಲಿ ಅಂಥ ಕೈಗಳು ಬೇಕಾದಷ್ಟಿವೆ. ಅವರು ಪೇಟೆಯ ಚಿತ್ರಗಳನ್ನು ನೋಡಿ ಕಬ್ಬಿಣ ಕಟ್ಟುವುದನ್ನು ಬಿಟ್ಟು, ತಮ್ಮ ಊರಿನ ಉಸುಕು, ಮುಳ್ಳು, ಕಲ್ಲುಗಳನ್ನು ಓದಿ, ಅಳೆದು, ಬರೆದು, ಆಮೇಲೆ ಸುತ್ತಿಗೆ ಹಿಡಿದರೆ ಈ ಒಣಸೀಮೆಯಿಂದಲೇ ನಾಡಿಗೆ ಉಪಯೋಗವಾಗುವ ಸಾಧನಗಳು ಹುಟ್ಟಿಯಾವು. ನಮ್ಮ ಬಂಧುಗಳ ಪುಸ್ತಕದಲ್ಲಿ ಆ ಮೂರು ದಿನಗಳಿಗೆ ಹದಿನೇಳು ಸಾಲುಗಳಾದವು. ಅವುಗಳಲ್ಲಿ ಹನ್ನೊಂದು ತಿದ್ದಬೇಕಾದವು. ಏಣು ಬಡಿದ ಹೊಸ ಹಲಗೆಗಳು ಈಗ ಸಿದ್ಧವಾಗಿವೆ. ಆಷಾಢದ ಗಾಳಿ ನಿಂತ ಮೇಲೆ ಹಗರಿಯ ದಡದಲ್ಲಿ ಅವುಗಳ ಸರದಿ.